ಟೀಚರ್‌ಗೆ, ಮತ್ತು ಉಳಿದೆಲ್ಲರಿಗೆ

ಪಿಎಚ್‌ಡಿ ಮೌಖಿಕ ಪರೀಕ್ಷೆ ಮುಗಿಯಿತು. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದವರ ಮೂಲ ಹುಡುಕುವುದು ನನ್ನ ವಿಷಯ. ಎಷ್ಟು ವರ್ಷ ಹಿಡಿಯಿತು ಎಂಬುದು ನಿಮಗೆಲ್ಲ ಗೊತ್ತೇ ಇದೆ. ಬಿಜಾಪುರದ ಸುಲ್ತಾನರ ಹಬ್ಶಿ (ಆಫ್ರಿಕಾ ಮೂಲದ) ಮಂತ್ರಿ ಇಖ್ಲಾಸ್ ಖಾನನ ಪಾಠದ ನಡುವೆ ‘ಹಬ್ಶಿ ಅಂದ್ರೆ ಯಾವ ಊರಿನವರು ಸರ್?’ ಎಂದು ಕೇಳಿ ಈ ದಾರಿಗೆ ಹಚ್ಚಿದ ವಿದ್ಯಾರ್ಥಿನಿ, ನನ್ನ ತರಗತಿಗಳನ್ನು ಹೊತ್ತುಕೊಂಡ ಸಹೋದ್ಯೋಗಿಗಳು, ಪಣಜಿಯ ಪತ್ರಾಗಾರದಲ್ಲಿ ಬೇಸರವಿಲ್ಲದೆ ಕಡತ ತಂದುಕೊಟ್ಟವರು, ಎಲ್ಲರಿಗೂ ಋಣಿ. ಫಾರ್ಸಿ ಕಲಿಸಿದ ವಿಜಯಪುರದ ಗುರುಗಳಿಗೂ. ಅಹ್ಮದ್‌ನಗರದ ಹಬ್ಶಿ ಸೇನಾನಿ ಮಲಿಕ್ ಅಂಬರ್ ತೀರಿಕೊಂಡದ್ದು ಇಸ್ಲಾಮಿ ಪಂಚಾಂಗದ ಹಿಜರಿ 1035ರಲ್ಲಿ. ಅದಕ್ಕೆ ಆ ಪಂಚಾಂಗ ಶುರುವಾಗುವ ಇಸವಿ 622 ಕೂಡಿಸಿದರೆ 1657 ಬರುತ್ತದೆ. ನಿಜವಾದ ಇಸವಿ 1626. ಹಿಜರಿ ವರ್ಷ ಇಸವಿಯ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದೆಂಬುದನ್ನು ಮರೆಯದಂತೆ ಮಾಡಿದವರು ಅವರು.

ಟೀಚರ್ ಬಗ್ಗೆ ಒಂದು ಸಾಲು ಸಾಲದು. ಮಡಗಾಂವಿನ ಈ ನಿವೃತ್ತ ಶಿಕ್ಷಕಿ ಹಳೆಯ ಪೋರ್ಚುಗೀಸ್ ಕೈಬರಹ ಓದಲು ಕಲಿಸಿದರು. ‘ಕ್ಯೂ’ ಅಕ್ಷರದ ನೆತ್ತಿಯಲ್ಲಿ ಅಲೆಗೆರೆ ಇದ್ದರೆ ಅದು ‘ಕೆ’ (que) ಎಂಬ ಪೂರ್ತಿ ಪದ. ‘ಎಫ್-ಆರ್’ ಬರೆದು ಮೇಲೆ ಪುಟ್ಟದಾಗಿ ‘ಸಿ-ಓ’ ಕೂರಿಸಿದ್ದರೆ ಫ್ರಾನ್ಸಿಸ್ಕೊ. ಶಾಯಿಯ ಕಬ್ಬಿಣ ಕಾಗದವನ್ನು ತಿಂದಿರುವ ಕಡೆ ಊಹಿಸಬಾರದು, ಜಾಗ ಖಾಲಿ ಬಿಡಬೇಕು. ಆಫ್ರಿಕನ್ನರಿಗೆ ಪೋರ್ಚುಗೀಸರು ಬಳಸಿದ ‘ಕಾಫ್ರೆ’ ಎಂಬ ಪದ ಕಂಡಲ್ಲೆಲ್ಲ ಒಂದೇ ಜನಾಂಗವೆಂದು ಬರೆದುಕೊಳ್ಳಬಾರದು. ‘ನಂಬಿಕೆಯಿಲ್ಲದವ’ ಎಂಬ ಅರ್ಥದ ಅರಬ್ಬಿ ‘ಕಾಫಿರ್’ನಿಂದ ಬಂದ ಆ ಪದ ಯಾರ ಕುಲವನ್ನೂ ಹೇಳುವುದಿಲ್ಲ.

ಪ್ರಬಂಧ ಸಲ್ಲಿಸಲು ಮೂರೇ ದಿನವಿದ್ದಾಗ ಗುಲಾಮರ ಮೂಲ ತೋರಿಸುವ ನಾಲ್ಕನೇ ಅಧ್ಯಾಯದ ಕೋಷ್ಟಕವೇ ತಪ್ಪೆಂದು ತಿಳಿಯಿತು. ದಾಖಲೆಯ ‘ಮೊಜಾಂಬಿಕ್’ ಬಹಳ ಸಲ ಹಡಗು ಹತ್ತಿಸಿದ ರೇವು, ಹುಟ್ಟೂರಲ್ಲ. ಒಳನಾಡಿನಿಂದ ನಡೆಸಿಕೊಂಡು ತಂದವರಿಗೂ ಅದೇ ಹೆಸರು ಅಂಟಿತು. ತಾಯಿ ಕರೆದ ಹೆಸರು ಕ್ರೈಸ್ತರಾಗಿಸುವ ದೀಕ್ಷಾಸ್ನಾನದಲ್ಲಿ ಹೋಯಿತು.

ಸಂಜೆಯ ರೈಲಿಗೆ ಟೀಚರ್ ಕಾರವಾರಕ್ಕೆ ಬಂದರು. ಬೆಳಗಿನ ನಾಲ್ಕರವರೆಗೆ ಒಂದೊಂದೇ ನಮೂದನ್ನು ಗಟ್ಟಿಯಾಗಿ ಓದಿದರು. ‘ಮೂಲ’ ಎಂಬ ಕಾಲಂ ಒಡೆದು ‘ಹಡಗು ಹತ್ತಿದ ರೇವು’, ‘ಹುಟ್ಟೂರು’ ಎಂದು ಎರಡು ಮಾಡಿದೆವು. ಎರಡನೆಯದು ಹೆಚ್ಚುಕಡಿಮೆ ಪೂರ್ತಿ ಖಾಲಿ. ಪುಟದಿಂದ ಪುಟಕ್ಕೆ ಖಾಲಿ. ಅದನ್ನು ನೋಡುತ್ತ ಅತ್ತುಬಿಟ್ಟೆ. ಟೀಚರ್ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮುಂದಿನ ನಮೂದು ಓದಿದರು.

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ, ಆಫ್ರಿಕಾ ಮೂಲದ ಸಿದ್ದಿ ಮನೆಗಳ ಅಜ್ಜಿಯರೇ, ಕವದಿ ಹೊಲಿಯುತ್ತ ನೀವು ಹೇಳಿದ್ದನ್ನೆಲ್ಲ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಳೆ ನಿಂತ ಮೇಲೆ ತಂದು ಓದಿ ಹೇಳುತ್ತೇನೆ. ನಾಲ್ಕನೇ ಅಧ್ಯಾಯವನ್ನೂ ತರುತ್ತೇನೆ, ಖಾಲಿ ಕಾಲಂ ಸಮೇತ. ಟೀಚರ್ ಜೊತೆಗೆ ಬರುತ್ತಾರಂತೆ.