ಎದೆ ಅಗಲಿಸುವ ಬಲವನ್ನೂ ಅಳೆಯಬೇಕು

ಮಾನ್ಯ ಸಂಪಾದಕರೇ,

ತೆರೆದ ಹೃದಯ ಶಸ್ತ್ರಚಿಕಿತ್ಸೆ ಕುರಿತು ಪತ್ರಿಕೆಗಳಲ್ಲಿ ಬರುವ ಬರಹಗಳು ಕವಾಟ, ರಕ್ತನಾಳ, ಬೈಪಾಸ್‌ಗಳ ಬಗ್ಗೆ ಬೇಕಾದಷ್ಟು ಹೇಳುತ್ತವೆ. ಹೃದಯವನ್ನು ತಲುಪಲು ಸೀಳಿ ಅಗಲಿಸುವ ಎದೆಮೂಳೆಯ ಬಗ್ಗೆ ಒಂದು ಸಾಲು ಬಂದರೆ ಹೆಚ್ಚು. ರೋಗಿ ಮನೆಗೆ ಮರಳಿದ ಮೇಲೂ ಉಳಿಯುವ ನೋವಿನಲ್ಲಿ ಈ ಮೂಳೆಯದೂ ಅದಕ್ಕೆ ಸೇರಿದ ಪಕ್ಕೆಲುಬುಗಳದೂ ದೊಡ್ಡ ಪಾಲಿದೆ. ಆಪರೇಷನ್ ಥಿಯೇಟರಿನಲ್ಲಿ ರಕ್ತದೊತ್ತಡ, ಆಮ್ಲಜನಕ, ಉಷ್ಣತೆ, ಮೂತ್ರದ ಪ್ರಮಾಣ ಎಲ್ಲವನ್ನೂ ಅಳೆದು ಬರೆದಿಡುತ್ತಾರೆ. ಎದೆಯನ್ನು ಅಗಲಿಸುವ ಬಲವನ್ನು ಮಾತ್ರ ಕೈಯಂದಾಜಿಗೆ ಬಿಟ್ಟಿದ್ದಾರೆ. ಇದು ಸರಿಯಲ್ಲ.

ಎದೆಮೂಳೆಯನ್ನು ಉದ್ದಕ್ಕೆ ಸೀಳುವ ವಿಧಾನವನ್ನು ಶಸ್ತ್ರವೈದ್ಯ ಹರ್ಬರ್ಟ್ ಮಿಲ್ಟನ್ 1897ರಲ್ಲೇ ವಿವರಿಸಿದ್ದರು. 1957ರಲ್ಲಿ ಆರ್ಮಂಡ್ ಜೂಲಿಯನ್ ಮತ್ತು ಸಂಗಡಿಗರು ಅದನ್ನು ಹೃದಯ ಶಸ್ತ್ರಚಿಕಿತ್ಸೆಗೆ ಮತ್ತೆ ಮುಂದಿಟ್ಟರು. ಸೀಳಿದ ಅರ್ಧಗಳನ್ನು ದೂರ ಸರಿಸುವ ರಿಟ್ರ್ಯಾಕ್ಟರ್ ಇಂದಿಗೂ ಬಹುಮಟ್ಟಿಗೆ ಅರ್ಜೆಂಟೀನಾದ ಎನ್ರಿಕೆ ಫಿನೊಕಿಯೆಟ್ಟೊ 1930ರ ದಶಕದಲ್ಲಿ ರೂಪಿಸಿದ ಮಾದರಿಯದೇ: ಒಂದು ಹಲ್ಲುಪಟ್ಟಿ, ಅದರ ಮೇಲೆ ಓಡುವ ಹಲ್ಲುಚಕ್ರ, ತಿರುಗಿಸಲು ಹಿಡಿಕೆ, ಎರಡು ತೋಳು, ತೋಳುಗಳಿಂದ ಗಾಯದೊಳಕ್ಕೆ ಇಳಿಬಿದ್ದ ಬ್ಲೇಡುಗಳು. ಹಿಡಿಕೆಗೆ ಹಾಕಿದ ಸಣ್ಣ ಬಲ ಮೂಳೆಯ ಅಂಚಿನಲ್ಲಿ ಹಲವು ಪಟ್ಟಾಗುತ್ತದೆ. ನೂರಾರು ನ್ಯೂಟನ್‌ಗೆ ಏರುವುದು ಕಷ್ಟವೇನಲ್ಲ. ನೂರು ನ್ಯೂಟನ್ ಎಂದರೆ ಹತ್ತು ಕಿಲೋ ತೂಗುಹಾಕಿದಷ್ಟು. ಹಲ್ಲುಪಟ್ಟಿ ತಾನೇ ಬಿಗಿಹಿಡಿಯುವುದರಿಂದ ಕೈ ತೆಗೆದ ಮೇಲೂ ಆ ಬಲ ಹಾಗೆಯೇ ನಿಂತಿರುತ್ತದೆ, ಕೈಗೆ ಮಾತ್ರ ಏನೂ ತಿಳಿಯುವುದಿಲ್ಲ. ಹಿಡಿಕೆಯ ತಿರುಚುಬಲವನ್ನು ಅಳೆದರೆ ಸಾಕೆಂದು ಹೇಳುವವರು ಇದನ್ನು ಗಮನಿಸಬೇಕು. ಹಲ್ಲುಗಳ ನಡುವೆ ರಕ್ತ ಒಣಗಿದರೆ ಘರ್ಷಣೆ ಬೇರೆ ಹೆಚ್ಚುತ್ತದೆ, ಅಂಕಿ ಇನ್ನಷ್ಟು ದಾರಿ ತಪ್ಪುತ್ತದೆ.

ಸೀಳಿದ ಎದೆಮೂಳೆಯ ಎರಡು ಭಾಗಗಳು ಜೋಡಿ ಬಾಗಿಲಿನ ಹಲಗೆಗಳಿದ್ದಂತೆ. ಅವುಗಳ ತಿರುಗಣಿ ಇರುವುದು ಹಿಂದೆ, ಪಕ್ಕೆಲುಬುಗಳು ಬೆನ್ನೆಲುಬಿಗೆ ಸೇರುವ ಕಡೆ. ಮುಂದೆ ತಳ್ಳಿದ ಬಲಕ್ಕೆ ಹಿಂದಿನ ಕೀಲು ಬಿರುಕು ಬಿಡುವುದುಂಟು. ಗಾಯದ ಬಾಯಲ್ಲಿ ನಿಂತವರಿಗೆ ಅದು ಕಾಣುವುದೇ ಇಲ್ಲ. ಮೇಲ್ಭಾಗದಲ್ಲಿ ಅತಿಯಾಗಿ ಅಗಲಿಸಿದರೆ ಮೊದಲ ಪಕ್ಕೆಲುಬು ಸರಿದು ತೋಳಿನ ನರಜಾಲದ ಕೆಳಗಿನ ಎಳೆಗಳನ್ನು ಎಳೆಯುತ್ತದೆ ಅಥವಾ ಒತ್ತುತ್ತದೆ. ಎಚ್ಚರವಾದ ರೋಗಿ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದಿದೆ ಎನ್ನುವುದಕ್ಕೆ ಇದೊಂದು ಕಾರಣ. ಹಾಗಾಗಿಯೇ ರಿಟ್ರ್ಯಾಕ್ಟರನ್ನು ಆದಷ್ಟು ಹೊಟ್ಟೆಯ ಕಡೆಗೆ ಇಳಿಸಿಡಬೇಕು, ಕೆಲಸಕ್ಕೆ ಬೇಕಾದಷ್ಟೇ ತೆರೆಯಬೇಕು, ಮೆಲ್ಲಗೆ ತೆರೆಯಬೇಕು ಎಂಬ ರೂಢಿಯ ಮಾತು ಇದೆ. ಆದರೆ ಮೆಲ್ಲಗೆ ಎಂದರೆ ಎಷ್ಟು? ಅಳತೆ ಇಲ್ಲದಿದ್ದರೆ ಅದು ಒಬ್ಬೊಬ್ಬರಿಗೆ ಒಂದೊಂದು.

ಅಳೆಯುವ ಬಗೆ ಹೊಸದೇನಲ್ಲ. ರಿಟ್ರ್ಯಾಕ್ಟರ್ ತೋಳಿನ ಎದುರುಬದುರು ಮುಖಗಳಿಗೆ ಸ್ಟ್ರೇನ್ ಗೇಜ್ (ಹಿಗ್ಗಿದಾಗ, ಕುಗ್ಗಿದಾಗ ವಿದ್ಯುತ್ ರೋಧ ಬದಲಾಗುವ ತೆಳು ಪಟ್ಟಿ) ಅಂಟಿಸಿ, ಆ ಬದಲಾವಣೆಯನ್ನು ವೋಲ್ಟೇಜಾಗಿ ತೋರಿಸುವ ಬ್ರಿಡ್ಜ್ ಸರ್ಕ್ಯೂಟಿಗೆ ಸೇರಿಸುವುದು. ತೋಳು ಬಾಗಿದಾಗ ಒಂದು ಮುಖ ಹಿಗ್ಗುತ್ತದೆ, ಇನ್ನೊಂದು ಕುಗ್ಗುತ್ತದೆ. ಬಿಸಿಯಿಂದ ಎರಡೂ ಒಟ್ಟಿಗೆ ಹಿಗ್ಗಿದ್ದು ಬ್ರಿಡ್ಜಿನಲ್ಲಿ ಕಳೆದುಹೋಗುತ್ತದೆ. 5 ವೋಲ್ಟ್ ಕೊಟ್ಟರೆ ಸಿಗುವ ಸಂಕೇತ ಒಂದೆರಡು ಮಿಲಿವೋಲ್ಟ್ ಮಾತ್ರ.

ಬಹಳ ಮಂದಿ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಗೇಜ್ ಅಳೆಯುವುದು ಬಲವನ್ನಲ್ಲ, ಬಾಗುವಿಕೆಯನ್ನು. ಬಾಗುವಿಕೆ ಬಲದ ಜೊತೆಗೆ ಅದು ಎಷ್ಟು ದೂರದಲ್ಲಿ ಬೀಳುತ್ತದೆ ಎಂಬುದನ್ನೂ ಅವಲಂಬಿಸಿದೆ. ಗೇಜಿನಿಂದ 80 ಮಿ.ಮೀ. ದೂರದಲ್ಲಿ 200 ನ್ಯೂಟನ್ ಬಿದ್ದರೆ 16 ನ್ಯೂಟನ್-ಮೀಟರ್. ಮೂಳೆಯ ಅಂಚು ಒರಟಾಗಿದ್ದು ಅದೇ ಬಲ 110 ಮಿ.ಮೀ. ದೂರದಲ್ಲಿ ಬಿದ್ದರೆ 22. ಮೊದಲಿನ ದೂರಕ್ಕೆ ಹೊಂದಿಸಿದ ಉಪಕರಣ ಈಗ 275 ನ್ಯೂಟನ್ ತೋರಿಸುತ್ತದೆ. ನಿಜವಾದ ಬಲ ಮಾತ್ರ ಒಂದಿಷ್ಟೂ ಬದಲಾಗಿಲ್ಲ. ಪರಿಹಾರ ಸರಳ. ಒಂದೇ ತೋಳಿನಲ್ಲಿ 30 ಮಿ.ಮೀ. ಅಂತರದಲ್ಲಿ ಎರಡು ಜಾಗದಲ್ಲಿ ಗೇಜ್ ಕೂರಿಸಿ, ಎರಡು ಬಾಗುವಿಕೆಗಳ ವ್ಯತ್ಯಾಸವನ್ನು ಆ ಅಂತರದಿಂದ ಭಾಗಿಸಬೇಕು. ಅದೇ 200 ನ್ಯೂಟನ್ ಒಂದು ಗೇಜಿಗೆ 80, ಇನ್ನೊಂದಕ್ಕೆ 110 ಮಿ.ಮೀ. ದೂರದಲ್ಲಿ ಬಿದ್ದಿದೆ ಎನ್ನಿ: 22ರಲ್ಲಿ 16 ಕಳೆದರೆ 6, ಅದನ್ನು 0.03ರಿಂದ ಭಾಗಿಸಿದರೆ 200. ಬಲ ಎಲ್ಲೇ ಬೀಳಲಿ, ಉತ್ತರ ಅದೇ. ಬಲ ಬೀಳುವ ಜಾಗವೂ ಅದೇ ಲೆಕ್ಕದಲ್ಲಿ ಸಿಗುತ್ತದೆ. ಮೂಳೆಯ ಮೇಲ್ತುದಿಗೆ ಹೊರೆ ಸರಿಯುತ್ತಿದೆಯೇ ಎಂದು ತಿಳಿಯಲು ಅದು ಬೇಕೇ ಬೇಕು.

ಬ್ಲೇಡಿಗೂ ಮೂಳೆಗೂ ನಡುವೆ ತೆಳುವಾದ ಒತ್ತಡದ ಹಾಳೆ ಇಡುವುದು ಸುಲಭವೆನಿಸುತ್ತದೆ. ನಮ್ಮ ಮಟ್ಟಿಗೆ ಅದು ಬೇಡ. ಒದ್ದೆ, ಉಜ್ಜಾಟ, ಮೂಳೆಯ ಚೂಪಾದ ಅಂಚು, ಮೂರೂ ಆ ಹಾಳೆಯ ಶತ್ರುಗಳು.

ಗೇಜನ್ನು ಸಾಮಾನ್ಯ ದಿಢೀರ್ ಅಂಟಿನಿಂದ ಕೂರಿಸಬಾರದು. ಉಪಕರಣಗಳನ್ನು ಶುದ್ಧೀಕರಿಸುವ 134 ಡಿಗ್ರಿ ಆಟೋಕ್ಲೇವ್‌ನ ಹಬೆಗೆ ಅದು ಸಡಿಲಗೊಂಡು ಸೊನ್ನೆಯ ಗುರುತು ಜಾರತೊಡಗುತ್ತದೆ. ಬಿಸಿಯಲ್ಲಿ ಗಟ್ಟಿಗೊಳಿಸುವ ಎಪಾಕ್ಸಿ ಬೇಕು, ಮೇಲೆ ಹಬೆ ನುಗ್ಗದ ಮುಚ್ಚಿಗೆ ಬೇಕು. ಪ್ರತಿ ಸಲ ಶುದ್ಧೀಕರಿಸಿದ ಮೇಲೆ ಸೊನ್ನೆ ನೋಡಬೇಕು. ನಿಗದಿತ ಅವಧಿಗೊಮ್ಮೆ ಬ್ಲೇಡಿನ ಮೇಲೆ, ನಡುವೆ, ಕೆಳಗೆ 50 ನ್ಯೂಟನ್ ಹಂತಗಳಲ್ಲಿ ಭಾರ ಏರಿಸಿ, ಅದೇ ಹಂತಗಳಲ್ಲಿ ಇಳಿಸಿ ತಾಳೆ ನೋಡಬೇಕು. ಏರುವಾಗಿನ ಅಂಕಿಗೂ ಇಳಿಯುವಾಗಿನ ಅಂಕಿಗೂ ಅಂತರ ಬಂದರೆ ಅಂಟು ಬಿಡುತ್ತಿದೆ ಎಂದೇ ಮೊದಲು ಅನುಮಾನಿಸಬೇಕು. ಬಡಿಯುವ ಹೃದಯದ ಪಕ್ಕದಲ್ಲೇ ಇರುವ ಈ ತಂತಿಗಳಿಗೆ ವಿದ್ಯುತ್ ಸುರಕ್ಷತೆಯ ಅತಿ ಕಟ್ಟುನಿಟ್ಟಿನ ವರ್ಗ ಅನ್ವಯಿಸುತ್ತದೆ: ರೋಗಿಯ ಕಡೆಗೆ ಸೋರುವ ವಿದ್ಯುತ್ ಸಾಮಾನ್ಯ ಸ್ಥಿತಿಯಲ್ಲಿ 10 ಮೈಕ್ರೋ ಆಂಪಿಯರ್, ಒಂದು ದೋಷ ಬಂದಾಗಲೂ 50 ಮೀರಬಾರದು. ಕಾಟರಿ (ವಿದ್ಯುತ್ತಿನಿಂದ ಸುಟ್ಟು ರಕ್ತ ನಿಲ್ಲಿಸುವ ಸಾಧನ) ಹಚ್ಚಿದ ಕ್ಷಣಗಳ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಲೇಸು.

ಇನ್ನೊಂದು ಉಪಯುಕ್ತ ಸಂಗತಿ: ರಿಟ್ರ್ಯಾಕ್ಟರ್ ಯಾವುದಕ್ಕೂ ತಾಗದೆ ಎದೆಯ ಮೇಲೆ ತಾನಾಗಿ ಕುಳಿತಿದ್ದರೆ ಎಡಬಲದ ಒಟ್ಟು ಬಲ ಒಂದೇ ಇರಬೇಕು. ಬೇರೆಬೇರೆ ತೋರಿಸಿದರೆ ಒಂದು ಗೇಜ್ ಕೆಟ್ಟಿದೆ, ಇಲ್ಲವೇ ಯಾರದೋ ಕೈ ಅದರ ಮೇಲೆ ಊರಿದೆ. ಎದೆಯೊಳಗಿನ ಅಪಧಮನಿ ಬಿಡಿಸಲು ಒಂದು ಭಾಗವನ್ನು ಎತ್ತಿಹಿಡಿಯುವ, ಮೇಜಿಗೆ ಬಿಗಿದ ರಿಟ್ರ್ಯಾಕ್ಟರಿಗೆ ಈ ನಿಯಮ ಇಲ್ಲ. ಅಲ್ಲಿ ಎತ್ತಿದ ಭಾಗದ ಬಲವನ್ನು ಬೇರೆಯಾಗಿಯೇ ಅಳೆಯಬೇಕು.

ಅಂಕಿ ಬಂದ ಮೇಲೆ ಓದುವುದು ಹೇಗೆ? ಮೂಳೆ, ಮೃದ್ವಸ್ಥಿ, ಕೀಲುಗಳು ಸ್ಪ್ರಿಂಗಿನಂತೆ ವರ್ತಿಸುವುದಿಲ್ಲ. ಹಿಡಿಕೆ ತಿರುಗಿಸಿದ ಕೂಡಲೇ ಬಲ ಜಿಗಿಯುತ್ತದೆ, ಅಗಲವನ್ನು ಅಲ್ಲೇ ನಿಲ್ಲಿಸಿದರೆ ನಿಮಿಷಗಳಲ್ಲಿ ತಾನಾಗಿ ಇಳಿಯುತ್ತದೆ. ಒಂದು ಸುತ್ತು, ಸ್ವಲ್ಪ ಕಾಯುವುದು, ಮತ್ತೊಂದು ಸುತ್ತು: ಹೀಗೆ ತೆರೆದರೆ ಅದೇ ಅಗಲಕ್ಕೆ ಗರಿಷ್ಠ ಬಲ ಕಡಿಮೆ ಸಾಕು. ಮೆಲ್ಲನೆಯ ಇಳಿತ ಒಳ್ಳೆಯದು. ಕಣ್ಣೆವೆ ಮುಚ್ಚುವಷ್ಟರಲ್ಲಿ ಬಲ ಕುಸಿದರೆ ಎಲ್ಲೋ ಬಿರುಕು ಬಿಟ್ಟಿದೆ. ಹಲ್ಲು ಜಾರಿದರೂ ಹೀಗೇ ಕಾಣುವುದರಿಂದ ಅಗಲವನ್ನೂ ಜೊತೆಗೇ ದಾಖಲಿಸಬೇಕು. ಅಗಲ ಹಾಗೇ ಇದ್ದು ಬಲ ಕುಸಿದಿದ್ದರೆ ಬ್ಲೇಡ್ ಸರಿದಿಲ್ಲವೆಂದು ನೋಡಿಕೊಂಡು ಮೂಳೆಯನ್ನು ಪರೀಕ್ಷಿಸಬೇಕು. ಎಲ್ಲರಿಗೂ ಒಂದೇ ಅಪಾಯದ ಅಂಕಿ ನಿಗದಿ ಮಾಡುವುದನ್ನು ನಾವು ಒಪ್ಪುವುದಿಲ್ಲ. ಗಟ್ಟಿ ಮೂಳೆಯ ಯುವಕನಿಗೆ ಏನೂ ಮಾಡದ ಬಲ, ಮೂಳೆ ಟೊಳ್ಳಾದ ವೃದ್ಧೆಯ ಎದೆಯನ್ನು ಮುರಿಯಬಹುದು. ಗರಗಸ ನಡುಗೆರೆ ಬಿಟ್ಟು ಪಕ್ಕಕ್ಕೆ ಸರಿದಿದ್ದರೆ ತೆಳುವಾದ ಕಡೆ ಇನ್ನೂ ಬೇಗ ಸೋಲುತ್ತದೆ.

ತೆರೆಯುವಾಗ ಬಿಟ್ಟ ಬಿರುಕು ಮುಚ್ಚುವಾಗ ಮುಖ್ಯವಾಗುತ್ತದೆ. ಎದೆಯನ್ನು 15 ಸೆಂ.ಮೀ. ತ್ರಿಜ್ಯದ ಕೊಳವೆ ಎಂದುಕೊಂಡು, ಮೂಳೆಯ ಉದ್ದ 20 ಸೆಂ.ಮೀ. ಹಿಡಿಯಿರಿ. ಕೆಮ್ಮಿದಾಗ ಒಳಗಿನ ಒತ್ತಡ 100 ಮಿ.ಮೀ. ಪಾದರಸಕ್ಕೆ ಏರಿದರೆ ಹೊಲಿಗೆಯನ್ನು ಬಿಡಿಸುವ ಬಲ ಸುಮಾರು 400 ನ್ಯೂಟನ್. ಅತಿ ಜೋರಿನ ಕೆಮ್ಮಿನಲ್ಲಿ 300ಕ್ಕೆ ಏರಿದರೆ 1,200. ಅದನ್ನು ತಡೆಯುವುದು ಸುಮಾರು 0.8 ಮಿ.ಮೀ. ದಪ್ಪದ ಆರೆಂಟು ಸ್ಟೀಲ್ ತಂತಿಗಳು. ತಂತಿ ಸಾಮಾನ್ಯವಾಗಿ ಕಡಿಯುವುದಿಲ್ಲ, ಬಿರುಕು ಬಿಟ್ಟ ಮೂಳೆಯನ್ನೇ ಕೊಯ್ದುಕೊಂಡು ಹೋಗುತ್ತದೆ. ಮೂಳೆ ಅಲುಗಾಡಿದರೆ ಸೋಂಕಿಗೆ ದಾರಿ. ಬಿರುಕು ಎಲ್ಲಿದೆ ಎಂದು ಮೊದಲೇ ಗೊತ್ತಿದ್ದರೆ ಅಲ್ಲಿ ಫ್ರಾನ್ಸಿಸ್ ರೋಬಿಚೆಕ್ 1977ರಲ್ಲಿ ವಿವರಿಸಿದಂತೆ ಮೂಳೆಯ ಪಕ್ಕದುದ್ದಕ್ಕೂ ತಂತಿ ಹೆಣೆದು ಭದ್ರಪಡಿಸಬಹುದು.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಶಸ್ತ್ರಚಿಕಿತ್ಸೆಯ ದಾಖಲೆಯಲ್ಲಿ ನಾಲ್ಕು ಅಂಕಿಗಳಿಗೆ ಜಾಗ ಮಾಡಿ: ತೆರೆದ ಅಗಲ, ಗರಿಷ್ಠ ಬಲ, ಐದು ನಿಮಿಷದ ನಂತರದ ಬಲ, ರಿಟ್ರ್ಯಾಕ್ಟರ್ ಬಿಗಿದಿದ್ದ ಒಟ್ಟು ಸಮಯ. ಹಠಾತ್ ಕುಸಿತ ಕಂಡಿದ್ದರೆ ಯಾವ ಕಡೆ, ಯಾವ ಅಗಲದಲ್ಲಿ ಎಂಬುದನ್ನೂ ಬರೆಯಿರಿ. ರೋಗಿ ಆರು ವಾರಗಳ ನಂತರ ತಪಾಸಣೆಗೆ ಬಂದು ಬೆರಳು ಜೋಮು ಎಂದಾಗ ಆ ಹಾಳೆ ವೈದ್ಯರ ಮುಂದಿರಲಿ.

– ಶಸ್ತ್ರಚಿಕಿತ್ಸಾ ಉಪಕರಣಗಳ ಬಲಮಾಪನದಲ್ಲಿ ತೊಡಗಿರುವ ಎಂಜಿನಿಯರುಗಳು