ಹುಲ್ಲಿನ ಗುರುತು ಹಿಡಿದ ಮೇಲೆ ಗುಂಡಿ ತೋಡಿ

ಮಾನ್ಯ ಸಂಪಾದಕರೇ,

ಮುಂಗಾರು ಹಿಡಿಯುತ್ತಿದ್ದಂತೆ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಗಾಯರಾಣಗಳಲ್ಲಿ (ಊರಿನ ದನ ಕುರಿ ಮೇಯುವ ಗೋಮಾಳಗಳಲ್ಲಿ), ಗುಡ್ಡದ ಇಳಿಜಾರುಗಳಲ್ಲಿ ಸಸಿ ನೆಡಲು ಗುಂಡಿ ತೋಡುವ ಕೆಲಸ ಶುರುವಾಗುತ್ತದೆ. ಸಸಿ ನೆಡುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಆ ಜಾಗದಲ್ಲಿ ಯಾವ ಹುಲ್ಲು ಬೆಳೆದಿದೆ ಎಂದು ಬಗ್ಗಿಯೂ ನೋಡದೆ, ಮರವಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಪಾಳು ನೆಲವೆಂದು ತೀರ್ಮಾನಿಸುವುದು ದೊಡ್ಡ ಅನ್ಯಾಯ.

ಹುಲ್ಲು ಗುರುತಿಸಲು ಸಸ್ಯಶಾಸ್ತ್ರದ ಪದವಿ ಬೇಕಿಲ್ಲ. ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿದರೆ ಮೊದಲ ಭೇದ ತಿಳಿಯುತ್ತದೆ. ಕರಿಕೆಯಂಥ ನಿಜವಾದ ಹುಲ್ಲಿನ ಕಾಂಡ ದುಂಡಗೋ ತುಸು ಚಪ್ಪಟೆಯೋ ಆಗಿದ್ದು ಅದರಲ್ಲಿ ಗೆಣ್ಣುಗಳಿರುತ್ತವೆ, ಎಲೆಗಳು ಎರಡು ಸಾಲಾಗಿ ಮೂಡುತ್ತವೆ. ನಮ್ಮ ರೈತರು ಹೊಲದಲ್ಲಿ ಕಿತ್ತು ಕಿತ್ತು ಸುಸ್ತಾಗುವ ಜೇಕಿನ ಕಾಂಡಕ್ಕೆ ಮೂರು ಮೂಲೆಗಳಿದ್ದು, ಒಳಗೆ ಗಟ್ಟಿಯಾಗಿರುತ್ತದೆ, ಎಲೆಗಳೂ ಮೂರು ಸಾಲಾಗಿರುತ್ತವೆ. ಜೇಕು ಹುಲ್ಲಿನಂತೆ ಕಂಡರೂ ಬೇರೆಯೇ ಕುಟುಂಬಕ್ಕೆ ಸೇರಿದ್ದು.

ಎರೆ ನೆಲದ ಬದುಗಳಲ್ಲಿ ಗೆಣ್ಣಿನ ಸುತ್ತ ಬಿಳಿ ರೋಮದ ಉಂಗುರವಿರುವ ಹುಲ್ಲು ಸಿಕ್ಕರೆ ಅದು ಡೈಕ್ಯಾಂಥಿಯಂ, ದನ ಕುರಿಗಳು ಇಷ್ಟಪಟ್ಟು ಮೇಯುವ ಬಹುವಾರ್ಷಿಕ ಮೇವು. ಮೆತ್ತನೆಯ ರೋಮ ತುಂಬಿದ, ಕೆಲವೊಮ್ಮೆ ನೇರಳೆ ಛಾಯೆಯ ತೆನೆ ಹೊತ್ತದ್ದು ಅಂಜನ್ ಹುಲ್ಲು. ಬರವನ್ನು ತಾಳಿಕೊಳ್ಳುವುದರಲ್ಲಿ ಅದಕ್ಕೆ ಒಳ್ಳೆಯ ಹೆಸರಿದೆ. ಎಲೆ ಉಜ್ಜಿದೊಡನೆ ಘಮ್ಮೆನ್ನುವ ಸಿಂಬೊಪೊಗಾನ್ ಜಾತಿಗಳನ್ನು ಮೂಗೇ ಗುರುತಿಸುತ್ತದೆ, ಬಲಿತ ಮೇಲೆ ಅವುಗಳನ್ನು ಕುರಿಗಳು ಅಷ್ಟಾಗಿ ಮುಟ್ಟುವುದಿಲ್ಲ. ಹೆಟೆರೊಪೊಗಾನ್ ಹುಲ್ಲಿನ ಕಾಳಿಗೆ ಉದ್ದನೆಯ ಬಾಲವಿರುತ್ತದೆ. ಒಣಗಿದಾಗ ತಿರುಚಿಕೊಂಡಿರುವ ಅದು ತೇವ ತಾಗಿದಾಗ ಬಿಚ್ಚಿಕೊಳ್ಳುತ್ತಾ ತಿರುಗಿ, ಕಾಳಿನ ಚೂಪಾದ ತುದಿಯನ್ನು ನೆಲದೊಳಕ್ಕೆ ಒತ್ತುತ್ತದೆ. ಅದೇ ತುದಿ ಕುರಿಯ ಉಣ್ಣೆ ದಾಟಿ ಚರ್ಮಕ್ಕೂ ಚುಚ್ಚುವುದರಿಂದ, ಕಾಳು ಬಲಿಯುವ ಮೊದಲೇ ಅಲ್ಲಿ ಮೇಯಿಸಿ ಮುಗಿಸಬೇಕೆಂಬುದು ಕುರಿಗಾಹಿಗಳಿಗೆ ಗೊತ್ತು. ಕಾಳಿನ ತುದಿಯಲ್ಲಿ ಮೂರು ಕವಲಿನ ಬಾಲವಿದ್ದರೆ ಅದು ಅರಿಸ್ಟಿಡಾ, ತೆಳ್ಳನೆಯ, ಸತ್ವ ಕಡಿಮೆಯ ಹುಲ್ಲು.

ಈ ಗುರುತುಗಳು ನೆಲದ ಆರೋಗ್ಯವನ್ನೂ ಹೇಳುತ್ತವೆ. ಮೇಯುವಿಕೆ ಅತಿಯಾದಲ್ಲಿ ಮೊದಲು ಕಾಣೆಯಾಗುವುದು ಸೆಹಿಮಾ, ಡೈಕ್ಯಾಂಥಿಯಂನಂಥ ಒಳ್ಳೆಯ ಮೇವು. ಅವುಗಳ ಜಾಗಕ್ಕೆ ಹೆಟೆರೊಪೊಗಾನ್, ಇನ್ನೂ ಸವೆದರೆ ಅರಿಸ್ಟಿಡಾ ಬರುತ್ತದೆ. ಅರಿಸ್ಟಿಡಾ ಹಬ್ಬಿದ ಗಾಯರಾಣಕ್ಕೆ ಬೇಕಾದದ್ದು ಒಂದೆರಡು ವರ್ಷದ ವಿಶ್ರಾಂತಿ ಮತ್ತು ಒಳ್ಳೆಯ ಹುಲ್ಲಿನ ಬೀಜ. ಡೈಕ್ಯಾಂಥಿಯಂ ಇರುವ ಗಾಯರಾಣದಲ್ಲಿ ಗುಂಡಿ ತೋಡಿದರೆ ವರ್ಷಗಟ್ಟಲೆ ಬೇರು ಬಿಟ್ಟ ಬುಡಗಳನ್ನೇ ಕಿತ್ತಂತಾಗುತ್ತದೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯಾಗುವ ನಮ್ಮ ಸೀಮೆಯಲ್ಲಿ ಮಣ್ಣನ್ನು ಹಿಡಿದಿಟ್ಟಿರುವುದು ಆ ಬೇರುಗಳೇ. ಹಸಿರಾಗಲೆಂದು ಹಬ್ಬಲು ಬಿಟ್ಟ ಬಳ್ಳಾರಿ ಜಾಲಿ ಎಷ್ಟು ಗಾಯರಾಣಗಳ ಹುಲ್ಲನ್ನು ಅಳಿಸಿತೆಂಬುದು ನಮ್ಮ ಕಣ್ಣಮುಂದೆಯೇ ಇದೆ.

ಸಿರುಗುಪ್ಪದ ಬಯಲಿನ ಎರೆಬೂತವೆಂಬ ಅಪರೂಪದ ದೊಡ್ಡ ಹಕ್ಕಿ, ಗಂಗಾವತಿ ತಾಲ್ಲೂಕಿನ ಬಂಕಾಪುರದ ತೋಳಗಳು, ನಮ್ಮ ಕೆಂಗುರಿ ಕುರಿಗಳು, ಎಲ್ಲವೂ ಇದೇ ಹುಲ್ಲನ್ನು ನಂಬಿವೆ. 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ವಿಶ್ವಸಂಸ್ಥೆ ಘೋಷಿಸಿರುವಾಗ, ನಮ್ಮ ಗ್ರಾಮ ಪಂಚಾಯಿತಿಗಳು ಮಾಡಬಹುದಾದ ಕೆಲಸವೊಂದಿದೆ. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ರಚಿಸುವ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಮರ, ಔಷಧಿ ಗಿಡಗಳ ಜೊತೆಗೆ ಆ ಊರಿನ ಹುಲ್ಲುಗಳನ್ನೂ ಒಂದೊಂದಾಗಿ ಹೆಸರಿಸಿ ಬರೆಯಬೇಕು. ಹುಲ್ಲು ತೆನೆ ಬಿಡುವ ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಅವಧಿಯೇ ಇದಕ್ಕೆ ತಕ್ಕ ಕಾಲ, ತೆನೆಯಿಲ್ಲದೆ ಗುರುತಿಸುವುದು ಬಲ್ಲವರಿಗೂ ಕಷ್ಟ. ಊರಿನ ಹಿರಿಯ ಕುರಿಗಾಹಿಗಳನ್ನು ಕೂಲಿ ಕೊಟ್ಟು ಜೊತೆಗೆ ಕರೆದೊಯ್ಯಬೇಕು, ಅವರು ಹೇಳುವ ಹೆಸರನ್ನೇ ಮೊದಲು ಬರೆದು ಶಾಸ್ತ್ರೀಯ ಹೆಸರನ್ನು ಅದರ ಪಕ್ಕದಲ್ಲಿ ಸೇರಿಸಬೇಕು. ಅದಕ್ಕೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ತಜ್ಞರ ನೆರವು ಕೋರಬಹುದು. ಈ ದಾಖಲೆ ಸಿದ್ಧವಾಗುವವರೆಗೆ ಯಾವ ಗಾಯರಾಣದಲ್ಲೂ ಗುಂಡಿ ತೋಡಲು ಅನುಮತಿ ಕೊಡಬಾರದೆಂದು ಮೂರೂ ಜಿಲ್ಲಾಡಳಿತಗಳನ್ನು ನಿಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ಓರ್ವ ಓದುಗ, ಕೊಪ್ಪಳ