ಕತ್ತರಿಸಿದ ಬೈಬಲ್ಲು, ಐದು ಸೆಂಟಿನ ನಾಣ್ಯ

ಶಾರ್ಲಟ್ಸ್‌ವಿಲ್, ವರ್ಜೀನಿಯಾ
ಭಾನುವಾರ ರಾತ್ರಿ

ತೀರ್ಥರೂಪು ಅಪ್ಪನಿಗೆ, ಅಮ್ಮನಿಗೆ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ. ಪುಟ್ಟಿಯ ನೆಗಡಿ ಹೋಯಿತು. ಅಮ್ಮ ಕಳಿಸಿದ ಸಾರಿನ ಪುಡಿ ಇನ್ನೂ ಅರ್ಧ ಡಬ್ಬಿ ಇದೆ, ಲೆಕ್ಕ ಹಾಕಿ ಬಳಸುತ್ತಿದ್ದೇನೆ. ಕ್ಷೇಮ ಸಮಾಚಾರ ಇಷ್ಟು ಸಾಕು, ಉಳಿದದ್ದನ್ನು ವಿಡಿಯೋ ಕಾಲ್‌ನಲ್ಲಿ ದಿನಾ ನೋಡ್ತಾನೇ ಇದ್ದೀರಿ.

ಈ ಕಾಗದ ಅಪ್ಪನಿಗೆ. ಹೋದ ವಾರ ನೀವು ವಾಟ್ಸಾಪ್‌ನಲ್ಲಿ ಒಂದು ಚಿತ್ರ ಕಳಿಸಿದ್ರಲ್ಲ, ವಾಷಿಂಗ್ಟನ್ ಹಿಮದಲ್ಲಿ ಕುದುರೆ ಪಕ್ಕ ಮಂಡಿಯೂರಿ ಕೈ ಮುಗಿದಿರುವುದು. ಅಮೆರಿಕ ಕಟ್ಟಿದವರೆಲ್ಲ ತಮ್ಮ ಧರ್ಮಗ್ರಂಥವನ್ನು ಅಕ್ಷರಕ್ಕಕ್ಷರ ನಂಬಿದ್ದರು ಅಂತ ಕೆಳಗೆ ಬರೆದಿತ್ತು. 'ನೀನು ಅಲ್ಲೇ ಇದ್ದೀಯಲ್ಲ, ಹೌದೇನಮ್ಮ ಇದು?' ಅಂತ ಕೇಳಿದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಫೋನ್ ಕಿತ್ತುಕೊಂಡು 'ಮಗು ಎಲ್ಲಿ, ತೋರಿಸು' ಅಂದಳು. ವಾಷಿಂಗ್ಟನ್ ಕಥೆ ಅಲ್ಲಿಗೇ ನಿಂತಿತು. ಕಾಗದದಲ್ಲಾದರೆ ಅಮ್ಮ ಮಧ್ಯೆ ಬರೋಕಾಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ಚಿತ್ರ. 1777-78ರ ಚಳಿಗಾಲದಲ್ಲಿ ವಾಷಿಂಗ್ಟನ್ ಸೈನ್ಯ ವ್ಯಾಲಿ ಫೋರ್ಜ್ ಅನ್ನೋ ಜಾಗದಲ್ಲಿ ಬೀಡು ಬಿಟ್ಟಿದ್ದು ನಿಜ. ಹಿಮದಲ್ಲಿ ಪ್ರಾರ್ಥನೆ ಮಾಡಿದ ಕಥೆಯನ್ನು ಹಬ್ಬಿಸಿದವರು ಮೇಸನ್ ವೀಮ್ಸ್ ಅನ್ನೋ ಪಾದ್ರಿ, ಅದೂ ವಾಷಿಂಗ್ಟನ್ ಸತ್ತ ಮೇಲೆ. ಚೆರ್ರಿ ಮರ ಕಡಿದು 'ಅಪ್ಪಾ, ನಾನು ಸುಳ್ಳು ಹೇಳಲಾರೆ' ಅಂದ ಹುಡುಗನ ಕಥೆ ಇದೆಯಲ್ಲ, ಅದನ್ನು ಹಬ್ಬಿಸಿದವರೂ ಇವರೇ. ಸುಳ್ಳು ಹೇಳಬಾರದು ಅಂತ ಕಲಿಸೋಕೆ ಕಟ್ಟಿದ ಕಥೆ!

ಹಾಗಂತ ವಾಷಿಂಗ್ಟನ್ ನಾಸ್ತಿಕ ಅಂದುಕೊಳ್ಳಬೇಡಿ. ಚರ್ಚಿಗೆ ಹೋಗುತ್ತಿದ್ದರು. ಆದರೆ ರೊಟ್ಟಿ, ದ್ರಾಕ್ಷಾರಸ ಕೊಡುವ ಹೊತ್ತಿಗೆ, ಅಂದರೆ ನಮ್ಮಲ್ಲಿ ಮಹಾಮಂಗಳಾರತಿ ಆಗುವ ಹೊತ್ತಿಗೆ ಅನ್ನಿ, ಎದ್ದು ಹೊರಗೆ ನಡೆಯುತ್ತಿದ್ದರು. ಫಿಲಡೆಲ್ಫಿಯಾದ ಪಾದ್ರಿಯೊಬ್ಬರು ದೊಡ್ಡವರೇ ಹೀಗೆ ಮಾಡಿದರೆ ಹೇಗೆ ಅಂತ ಪ್ರವಚನದಲ್ಲಿ ಹೆಸರು ಹೇಳದೆ ಚುಚ್ಚಿದರು. ವಾಷಿಂಗ್ಟನ್‌ಗೆ ಅರ್ಥವಾಯಿತು. ಅಂಥ ಭಾನುವಾರಗಳಲ್ಲಿ ಹೋಗುವುದನ್ನೇ ಬಿಟ್ಟರು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬರಾದ ಬೆಂಜಮಿನ್ ಫ್ರಾಂಕ್ಲಿನ್ ಇನ್ನೂ ಮಜಾ. ಸಾಯುವ ತಿಂಗಳ ಮುಂಚೆ, 84ನೇ ವಯಸ್ಸಿನಲ್ಲಿ, ಯೇಸು ದೇವರೇ ಅನ್ನುವುದರ ಬಗ್ಗೆ ನಿಮ್ಮ ಅಭಿಪ್ರಾಯ ಏನು ಅಂತ ಒಬ್ಬರು ಕೇಳಿದ್ದಕ್ಕೆ ಬರೆದ ಉತ್ತರದ ಸಾರ ಇದು: ನನಗೆ ಅನುಮಾನ ಇದೆ, ಆದರೆ ಈಗ ಅದಕ್ಕೆ ತಲೆ ಕೆಡಿಸಿಕೊಳ್ಳಲ್ಲ, ಇನ್ನು ಸ್ವಲ್ಪ ದಿನಕ್ಕೆ ಶ್ರಮವಿಲ್ಲದೆ ನಿಜ ಗೊತ್ತಾಗುತ್ತದಲ್ಲ! ಪೂರ್ತಿ ನಂಬಿದವರೂ ಇದ್ದರು. ದೇಶದ ಮೊದಲ ಮುಖ್ಯ ನ್ಯಾಯಾಧೀಶ ಜಾನ್ ಜೇ ಕೊನೆಗಾಲದಲ್ಲಿ ಬೈಬಲ್ ಹಂಚುವ ಸಂಘಕ್ಕೇ ಅಧ್ಯಕ್ಷರಾದರು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ವಿದರ್‌ಸ್ಪೂನ್ ಅಂತೂ ಪಾದ್ರಿಯೇ.

ನಮ್ಮ ಪಕ್ಕದ ಮನೆ ಅಜ್ಜಿ ಅವರೆಲ್ಲ ಅಪ್ಪಟ ಭಕ್ತರು ಅಂತಾರೆ. ಅವರ ಮೊಮ್ಮಗ ಒಬ್ಬರೂ ನಂಬುತ್ತಿರಲಿಲ್ಲ ಅಂತಾನೆ. ಬೇಲಿ ಹತ್ತಿರ ನಿಂತು ಇಬ್ಬರಿಗೂ ತಲೆ ಆಡಿಸೋದು ನನ್ನ ಕೆಲಸ.

ಸ್ವಾತಂತ್ರ್ಯ ಘೋಷಣೆ ಬರೆದ, ಆಮೇಲೆ ಮೂರನೇ ರಾಷ್ಟ್ರಾಧ್ಯಕ್ಷರಾದ ಜೆಫರ್ಸನ್ ಕಥೆ ಮಾತ್ರ ಬೇರೆ. ಅವರ ಮನೆ ಮಾಂಟಿಚೆಲ್ಲೊ ನಮ್ಮ ಮನೆಯಿಂದ ಕಾರಿನಲ್ಲಿ ಹದಿನೈದು ನಿಮಿಷ. ಹಾಸನಕ್ಕೆ ಬಂದ ನೆಂಟರನ್ನೆಲ್ಲ ನೀವು ಹಳೇಬೀಡಿಗೆ ಕರೆದುಕೊಂಡು ಹೋದ ಹಾಗೆ, ಇಲ್ಲಿಗೆ ಬಂದವರನ್ನೆಲ್ಲ ನಾವು ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ. ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆದರೆ ಈ ಮನುಷ್ಯ ಬೈಬಲ್ಲನ್ನು ಕತ್ತರಿಸಿದ್ದರು ಅಂತ ಗೊತ್ತಾದದ್ದು ಮೊನ್ನೆ ಮೊನ್ನೆ, ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಲು ಹೊರಟಾಗ.

ಕತ್ತರಿಸಿದ್ದರು ಅಂದರೆ ನಿಜವಾಗಿಯೂ ಕತ್ತರಿಸಿದ್ದರು ಅಪ್ಪ. ಚಾಕು ಹಿಡಿದು. ಬೈಬಲ್ಲಿನಲ್ಲಿ ಯೇಸುವಿನ ಕಥೆ ಇರುವ ಭಾಗ, ಹೊಸ ಒಡಂಬಡಿಕೆ, ಅದರ ಆರು ಪ್ರತಿ ತರಿಸಿ, ಇಂಗ್ಲಿಷ್, ಫ್ರೆಂಚ್, ಲ್ಯಾಟಿನ್, ಗ್ರೀಕ್ ನಾಲ್ಕೂ ಭಾಷೆಯಲ್ಲಿ ತನಗೆ ಬೇಕಾದ ಸಾಲುಗಳನ್ನು ಕೊಯ್ದು, ಖಾಲಿ ಹಾಳೆಗೆ ಅಂಟು ಹಚ್ಚಿ ಪಕ್ಕ ಪಕ್ಕ ಅಂಟಿಸಿದರು. ಹಾಳೆಯ ಒಂದು ಕಡೆ ಕೊಯ್ದರೆ ಹಿಂದಿನ ಕಡೆಯದು ಹೋಗುತ್ತದಲ್ಲ, ಅದಕ್ಕೆ ಎಲ್ಲವೂ ಎರಡೆರಡು ಪ್ರತಿ (ಗ್ರೀಕ್, ಲ್ಯಾಟಿನ್ ಒಂದೇ ಪುಸ್ತಕದಲ್ಲಿದ್ದವು). ಪುಟ್ಟಿ ಸ್ಕೂಲ್ ಪ್ರಾಜೆಕ್ಟಿಗೆ ಮಾಡ್ತಾಳಲ್ಲ, ಥೇಟ್ ಹಾಗೆ. ಮುಗಿದದ್ದು 1820ರಲ್ಲಿ, 77ನೇ ವಯಸ್ಸಿನಲ್ಲಿ. ಆ ಹೊತ್ತಿಗೆ ಎರಡು ಸಲ ರಾಷ್ಟ್ರಾಧ್ಯಕ್ಷರಾಗಿ ಮನೆಗೆ ಬಂದಾಗಿತ್ತು. ಒಟ್ಟು 84 ಪುಟ. ಯೇಸುವಿನ ನೀತಿಯ ಮಾತುಗಳಿವೆ, ಉಪಮೆಗಳಿವೆ. ಪವಾಡ ಒಂದೂ ಇಲ್ಲ. ನೀರು ದ್ರಾಕ್ಷಾರಸ ಆಗುವುದಿಲ್ಲ, ಸತ್ತವರು ಏಳುವುದಿಲ್ಲ. ಕೊನೆಗೆ ಹೆಣ ಇಟ್ಟು, ಸಮಾಧಿ ಬಾಗಿಲಿಗೆ ದೊಡ್ಡ ಕಲ್ಲು ಉರುಳಿಸಿ ಎಲ್ಲರೂ ಹೊರಟು ಹೋಗುತ್ತಾರೆ. ಅಲ್ಲಿಗೆ ಪುಸ್ತಕ ಮುಗಿಯಿತು. ಯೇಸು ಸಮಾಧಿಯಿಂದ ಎದ್ದು ಬರುವ ಮೂರನೇ ದಿನ ಬರುವುದೇ ಇಲ್ಲ.

ಇಲ್ಲಿನ ಲೈಬ್ರರಿಯಲ್ಲಿ ಅದರ ಪಡಿಯಚ್ಚು ಸಿಕ್ಕಿತು. ಕತ್ತರಿಸಿದ ಅಂಚು, ಕಂದು ಬಣ್ಣಕ್ಕೆ ತಿರುಗಿದ ಹಾಳೆ, ಎಲ್ಲ ಹಾಗೇ ಕಾಣುತ್ತದೆ. ಪುಟ್ಟಿ ಮಲಗಿದ ಮೇಲೆ ಅಡುಗೆ ಮನೆ ಮೇಜಿನ ಮೇಲೆ ಇಟ್ಟುಕೊಂಡು ತಿರುವುತ್ತಿದ್ದೆ. ಒಂದು ಕಡೆ ನಿಂತುಬಿಟ್ಟೆ.

ಹುಟ್ಟು ಕುರುಡ ಒಬ್ಬ ಬರುತ್ತಾನೆ. ಇವನು ಹೀಗೆ ಹುಟ್ಟಬೇಕಾದರೆ ಪಾಪ ಮಾಡಿದ್ದು ಯಾರು, ಇವನಾ ಇವನ ಅಪ್ಪ ಅಮ್ಮನಾ ಅಂತ ಶಿಷ್ಯರು ಕೇಳುತ್ತಾರೆ. ಅಲ್ಲೂ ಅದೇ ಪ್ರಶ್ನೆ ನೋಡಿ! ಇವನೂ ಅಲ್ಲ, ಅವರೂ ಅಲ್ಲ ಅನ್ನುತ್ತಾನೆ ಯೇಸು. ಮೂಲದಲ್ಲಿ ಆಮೇಲೆ ಮಣ್ಣಿಗೆ ಉಗುಳಿ, ಕಲಸಿ, ಕಣ್ಣಿಗೆ ಹಚ್ಚಿ, ಹೋಗಿ ಕೊಳದಲ್ಲಿ ತೊಳೆದುಕೋ ಅನ್ನುತ್ತಾನೆ. ಕಣ್ಣು ಬರುತ್ತದೆ. ಜೆಫರ್ಸನ್ ಪುಸ್ತಕದಲ್ಲಿ ಯೇಸುವಿನ ಆ ಉತ್ತರ ಮುಗಿದದ್ದೇ ಕುರಿ ಕಾಯುವವನ ಉಪಮೆ ಶುರು. ಕುರುಡ ಅಲ್ಲೇ ನಿಂತಿದ್ದಾನೆ. ನಾನು ಹಾಳೆ ತಿರುಗಿಸಿ ಮುಂದೆಲ್ಲಾದರೂ ಇದ್ದಾನಾ ಅಂತ ಹುಡುಕಿದೆ. ಇಲ್ಲ.

ನನಗೆ ಅಜ್ಜಿ ನೆನಪಾದಳು. ಕೊನೆಯ ನಾಲ್ಕು ವರ್ಷ ಜಗಲಿ ಮೇಲೆ ಕೂತು, ಬಂದವರ ಚಪ್ಪಲಿ ಸದ್ದಿನಲ್ಲೇ ಗುರುತು ಹಿಡಿಯುತ್ತಿದ್ದಳಲ್ಲ. 'ಯಾವ ಜನ್ಮದ ಕರ್ಮವೋ' ಅಂತ ಬಂದವರೆಲ್ಲ ಹೇಳಿ ಹೋಗುತ್ತಿದ್ದರು, ಅವಳೂ ಹೌದು ಅನ್ನುತ್ತಿದ್ದಳು. ಆಗ ನೀವೊಬ್ಬರೇ ರೇಗಿದ್ದು, 'ಕರ್ಮವೂ ಇಲ್ಲ ಏನೂ ಇಲ್ಲ, ವಯಸ್ಸಾಗಿದೆ ಅಷ್ಟೇ' ಅಂತ. ಆ ಪುಟದಲ್ಲಿ ಯೇಸು ಹೇಳಿದ್ದು ಹೆಚ್ಚು ಕಡಿಮೆ ನಿಮ್ಮ ಮಾತೇ. ಜೆಫರ್ಸನ್ ಆ ಮಾತು ಉಳಿಸಿಕೊಂಡು ಕಣ್ಣು ಬಂದದ್ದನ್ನು ತೆಗೆದರು. ಸರಿ ಅಂತ ಬುದ್ಧಿಗೆ ಅನ್ನಿಸುತ್ತದೆ. ಹೊಟ್ಟೆಗೆ ಮಾತ್ರ ಒಪ್ಪಲಿಲ್ಲ ಅಪ್ಪ, ಸುಳ್ಳು ಯಾಕೆ ಹೇಳಲಿ.

ಗ್ರಂಥ ತಿದ್ದುವುದು ನಮಗೇನು ಹೊಸದಲ್ಲ ಅಂತ ನೀವು ಹೇಳುತ್ತೀರಿ, ಗೊತ್ತು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವರು ನೀವು. ನಮ್ಮ ಪಂಪ ಹತ್ತನೇ ಶತಮಾನದಲ್ಲೇ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಕೊಟ್ಟ. ಆದರೆ ಅವನು ಅದನ್ನು ರಾಜನ ಎದುರಿಗೇ ಇಟ್ಟ. ಜೆಫರ್ಸನ್ ತಮ್ಮ ಪುಸ್ತಕ ಅಚ್ಚು ಹಾಕಿಸಲೇ ಇಲ್ಲ, ಮನೆಯವರಿಗೂ ತೋರಿಸಲಿಲ್ಲ. ಇಟ್ಟುಕೊಂಡು ತಾವೊಬ್ಬರೇ ಓದುತ್ತಿದ್ದರು.

ಇನ್ನೊಂದು ವಿಷಯ ಬರೆಯದೆ ಇರೋಕಾಗಲ್ಲ. ಈ ಮಾಂಟಿಚೆಲ್ಲೊ ಬೆಟ್ಟದ ಮೇಲೆ ಮಲ್ಬರಿ ರೋ ಅಂತ ಒಂದು ದಾರಿ ಇದೆ, ಅಲ್ಲಿ ಗುಲಾಮರ ಗುಡಿಸಲನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಒಂದೇ ಕೋಣೆ. ನಮ್ಮ ಕೊಟ್ಟಿಗೆ ಅದಕ್ಕಿಂತ ದೊಡ್ಡದಿತ್ತು. ಜೀವಮಾನದಲ್ಲಿ 600ಕ್ಕೂ ಜಾಸ್ತಿ ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ ಮನುಷ್ಯ ಇವರು. ಅಷ್ಟು ನಾಜೂಕಾಗಿ ಒಂದೊಂದು ವಾಕ್ಯ ನೋಡಿ ನಂಬುವಂಥದ್ದು ಯಾವುದು, ಅಲ್ಲದ್ದು ಯಾವುದು ಅಂತ ಬೇರೆ ಮಾಡಿದವರಿಗೆ, ಕಿಟಕಿಯಿಂದ ಕಾಣುವ ಆ ಗುಡಿಸಲು ಕಣ್ಣಿಗೆ ಬೀಳಲಿಲ್ಲವಾ? ಚಾಕು ಪುಸ್ತಕದ ಮೇಲೆ ಓಡಿತು, ಮನೆ ವಹಿವಾಟಿನ ಮೇಲೆ ಓಡಲಿಲ್ಲ.

ಇಷ್ಟಿದ್ದರೂ ಆ ಮನುಷ್ಯ ಮಾಡಿದ ಒಂದು ಕೆಲಸ ನಮಗೂ ಸೇರಿದ್ದು. ಮುಂಚೆ ವರ್ಜೀನಿಯಾದಲ್ಲಿ ಸರ್ಕಾರದ್ದೇ ಒಂದು ಚರ್ಚು. ನೀವು ಯಾವ ಪಂಗಡದವರೇ ಆಗಿರಿ, ಆ ಪಾದ್ರಿಯ ಸಂಬಳಕ್ಕೆ ತೆರಿಗೆ ಕಟ್ಟಬೇಕು. ಸಂಬಳ ವರ್ಷಕ್ಕೆ 16,000 ಪೌಂಡ್ ತಂಬಾಕು! ಲೈಸೆನ್ಸ್ ಇಲ್ಲದೆ ಬೋಧನೆ ಮಾಡಿದ ಬ್ಯಾಪ್ಟಿಸ್ಟ್ ಅನ್ನೋ ಬೇರೆ ಕ್ರೈಸ್ತ ಪಂಗಡದ ಪಾದ್ರಿಗಳನ್ನು ಜೈಲಿಗೆ ಹಾಕುತ್ತಿದ್ದರು. ಅವರು ಜೈಲಿನ ಕಿಟಕಿ ಸರಳಿನ ಹಿಂದಿನಿಂದಲೇ ಬೋಧನೆ ಮಾಡುತ್ತಿದ್ದರು. ಇದನ್ನೆಲ್ಲ ನಿಲ್ಲಿಸುವ ಕಾನೂನಿನ ಕರಡನ್ನು ಜೆಫರ್ಸನ್ 1777ರಲ್ಲಿ ಬರೆದರು, ಅವರ ಗೆಳೆಯ ಮ್ಯಾಡಿಸನ್ ಓಡಾಡಿ 1786ರಲ್ಲಿ ಪಾಸ್ ಮಾಡಿಸಿದರು. ಅದಕ್ಕೆ ಬೆಂಬಲ ಕೊಟ್ಟವರು ಯಾರು ಅಂದುಕೊಂಡಿರಿ? ಬೈಬಲ್ಲನ್ನು ಒಂದಕ್ಷರ ಬಿಡದೆ ನಂಬುತ್ತಿದ್ದ ಅದೇ ಬ್ಯಾಪ್ಟಿಸ್ಟರು. ಆ ವಾಟ್ಸಾಪ್ ಚಿತ್ರದವರಿಗೆ ಇದು ಗೊತ್ತಿದ್ದಂತಿಲ್ಲ.

ಜಾನ್ ಲೀಲೆಂಡ್ ಅನ್ನೋ ಬ್ಯಾಪ್ಟಿಸ್ಟ್ ಪಾದ್ರಿ ಆಮೇಲೆ ಮ್ಯಾಸಚೂಸೆಟ್ಸ್‌ಗೆ ಹೋದವರು, 1802ರ ಜನವರಿ 1ರಂದು ರಾಷ್ಟ್ರಾಧ್ಯಕ್ಷ ಜೆಫರ್ಸನ್‌ಗೆ ತಮ್ಮೂರಿನ ಉಡುಗೊರೆ ತಂದರು. ಚೀಸು. 1,235 ಪೌಂಡಿನ ಒಂದೇ ಉಂಡೆ, ನಮ್ಮ ಲೆಕ್ಕದಲ್ಲಿ 560 ಕಿಲೋ! ಇದರಲ್ಲಿ ಒಬ್ಬ ಗುಲಾಮನ ದುಡಿಮೆಯೂ ಇಲ್ಲ, ನಾವು ರೈತರೇ ಮಾಡಿದ್ದು ಅಂತ ಜೊತೆಗೆ ಬರೆದುಕೊಟ್ಟಿದ್ದರು. ಕೊಟ್ಟ ಹಾಗೂ ಆಯಿತು, ಚಿವುಟಿದ ಹಾಗೂ ಆಯಿತು.

ಆ ಕಾನೂನು ಚರ್ಚೆಗೆ ಬಂದಾಗ ಪೀಠಿಕೆಯಲ್ಲಿ ಯೇಸು ಕ್ರಿಸ್ತನ ಹೆಸರು ಸೇರಿಸಬೇಕು ಅಂತ ಕೆಲವರು ಹಟ ಹಿಡಿದರಂತೆ. ಜಾಸ್ತಿ ಜನ ಬೇಡ ಅಂದರು. ಮುದುಕರಾದ ಮೇಲೆ ಜೆಫರ್ಸನ್ ಇದನ್ನು ನೆನೆದು, ಯಹೂದಿ, ಕ್ರೈಸ್ತ, ಮುಸ್ಲಿಂ, ಹಿಂದೂ, ನಂಬದವರು ಎಲ್ಲರಿಗೂ ಈ ರಕ್ಷಣೆ ಇರಲಿ ಅನ್ನುವುದೇ ಸಭೆಯ ಉದ್ದೇಶವಾಗಿತ್ತು ಅಂತ ಬರೆದಿಟ್ಟಿದ್ದಾರೆ. ಹಿಂದೂ ಅಂತ ಹೆಸರು ಹಿಡಿದೇ ಬರೆದಿದ್ದಾರೆ ಅಪ್ಪ! ಒಬ್ಬನಾದರೂ ಹಿಂದೂವನ್ನು ಕಣ್ಣಾರೆ ಕಂಡಿದ್ದರೋ ಇಲ್ಲವೋ. ನಮ್ಮ ಅಡುಗೆ ಮನೆ ಕಪಾಟಿನಲ್ಲಿ ಅಮ್ಮ ಕೊಟ್ಟ ಗಣಪತಿ ಇಟ್ಟು ಊದುಬತ್ತಿ ಹಚ್ಚುವಾಗ ಈಗ ಒಂದೊಂದು ಸಲ ಇದು ನೆನಪಾಗುತ್ತದೆ. ಹೊಗೆಗೆ ಅಲಾರಂ ಹೊಡೆದುಕೊಳ್ಳುವುದು ಬೇರೆ ಕಥೆ.

ಆಮೇಲೆ ಬಂದ ದೇಶದ ಸಂವಿಧಾನದಲ್ಲೂ, ತಾರೀಖು ಬರೆಯುವ ಕಡೆ 'ನಮ್ಮ ಪ್ರಭುವಿನ ವರ್ಷ' ಅನ್ನುವುದು ಬಿಟ್ಟರೆ ದೇವರ ಹೆಸರಿಲ್ಲ. ಹುದ್ದೆಗೆ ಬರುವವರ ಧರ್ಮ ಕೇಳಕೂಡದು ಅಂತ ಆರನೇ ವಿಧಿಯಲ್ಲಿದೆ. ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು: ಕೆಲವರು ನಂಬಿದ್ದರು, ಕೆಲವರು ಅರ್ಧ ನಂಬಿದ್ದರು, ಒಬ್ಬರು ಕತ್ತರಿಸಿ ಉಳಿದದ್ದನ್ನು ನಂಬಿದರು. ಯಾರ ನಂಬಿಕೆಯನ್ನೂ ದೇಶದ ಸಂವಿಧಾನಕ್ಕೆ ಹಾಕಲಿಲ್ಲ. ಇದನ್ನು ನಿಮ್ಮ ಗ್ರೂಪಿಗೆ ಫಾರ್ವರ್ಡ್ ಮಾಡಿದರೆ ಯಾರೂ ಓದಲ್ಲ, ತುಂಬಾ ಉದ್ದ.

ನಿನ್ನೆ ಶನಿವಾರ ಮತ್ತೆ ಅವರ ಸಮಾಧಿ ಹತ್ತಿರ ಹೋಗಿದ್ದೆವು. ಕಬ್ಬಿಣದ ಬೇಲಿ, ಒಳಗೆ ಕಲ್ಲಿನ ಕಂಬ. ಮೇಲೆ ಏನು ಕೆತ್ತಬೇಕು ಅಂತ ಅವರೇ ಬರೆದಿಟ್ಟಿದ್ದರು: ಸ್ವಾತಂತ್ರ್ಯ ಘೋಷಣೆ ಬರೆದವನು, ವರ್ಜೀನಿಯಾದ ಧಾರ್ಮಿಕ ಸ್ವಾತಂತ್ರ್ಯದ ಕಾನೂನು ಬರೆದವನು, ಇಲ್ಲಿನ ಯೂನಿವರ್ಸಿಟಿ ಕಟ್ಟಿದವನು. ರಾಷ್ಟ್ರಾಧ್ಯಕ್ಷ ಆಗಿದ್ದು ಇಲ್ಲವೇ ಇಲ್ಲ. ಬಂದವರು ಬೇಲಿಯೊಳಗೆ ಐದು ಸೆಂಟಿನ ನಾಣ್ಯ ಎಸೆಯುತ್ತಾರೆ, ಅದರ ಮೇಲೆ ಜೆಫರ್ಸನ್ ಮುಖವೇ ಇದೆ. ಪುಟ್ಟಿ ಎರಡು ಎಸೆದಳು. ಮೂರನೆಯದು ನಾನು ಕಸಿದುಕೊಂಡು ಈ ಕವರಿನಲ್ಲಿ ಇಟ್ಟಿದ್ದೇನೆ, ಹಳೆಯದು, 1988ರದ್ದು.

ಅದರಲ್ಲಿ ಜೆಫರ್ಸನ್ ಮೂಗಿನ ಎದುರಿಗೇ ಅಂಚಿನ ಉದ್ದಕ್ಕೂ ಸಣ್ಣ ಇಂಗ್ಲಿಷ್ ಅಕ್ಷರಗಳಿವೆ. ಏನಿದೆ ಅಂತ ನಾನು ಹೇಳಲ್ಲ. ಓದಿದರೆ ನಿಮಗೆ ನಗು ಬರುತ್ತದೆ, ಇಷ್ಟು ಉದ್ದದ ಕಾಗದ ಓದಿದ ಮೇಲಂತೂ. ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ಓದಿ, ಕನ್ನಡಕ ಹಾಕಿಕೊಂಡೇ. ಅಮ್ಮ ಪಕ್ಕದಲ್ಲಿ ನಿಂತು ನೋಡಲಿ. ಓದಲು ಬರದಿದ್ದರೆ ಹಬ್ಬ ಕಳೆಯಲಿ, ಮದುವೆ ಮುಗಿಯಲಿ ಅಂತ ಮುಂದೂಡದೆ ಅದೇ ಸೋಮವಾರ ಪೊರೆ ಆಪರೇಷನ್‌ಗೆ ದಿನ ಗೊತ್ತು ಮಾಡಿಕೊಂಡು ಬನ್ನಿ. ದುಡ್ಡು ಕಳಿಸಿದ್ದೇನೆ, ಅಕೌಂಟಿಗೆ ಬಂದಿರಬೇಕು.

ನಿಮ್ಮ ಮಗಳು